ಟ್ರೇಯೊಳಗಿನ ಕತ್ತರಿ

ನಮ್ಮ ಮನೆಯ ಹಿಂಬದಿಯಲ್ಲಿ ಬೆಕ್ಕಿಗೆ ಅನ್ನ ಹಾಕುವುದು ಒಂದು ಹಳೆಯ ಎನಾಮಲ್ ಟ್ರೇಯಲ್ಲಿ. ಗೇರುಬೀಜದ ಆಕಾರದ ಬಿಳಿ ಟ್ರೇ. ಅಂಚಿಗೆ ನೀಲಿ ಪಟ್ಟಿ, ಅಲ್ಲಲ್ಲಿ ಚಕ್ಕೆ ಎದ್ದು ಕಪ್ಪಾಗಿದೆ. ಆಸ್ಪತ್ರೆಯಲ್ಲಿ ದುಡಿದವರಿಗೆ ಅದು ಏನೆಂದು ನೋಡಿದ ಕೂಡಲೇ ತಿಳಿಯುತ್ತದೆ. ಮೊಮ್ಮಗಳಿಗೆ ಅದು ಬೆಕ್ಕಿನ ಬಟ್ಟಲು, ಅಷ್ಟೆ. ಮೊನ್ನೆ ಅವಳು ಅದನ್ನು ತೊಳೆದು, ಒಂದು ಚಮಚವನ್ನೂ ಅದರೊಳಗೆ ಹಾಕಿಕೊಂಡು ಒಳಗೆ ಬಂದಳು. ಹೊಸ್ತಿಲು ದಾಟುವಾಗ ಚಮಚ ಟ್ರೇಗೆ ತಾಗಿ ಕಿಟಿಕಿಟಿ ಎಂದಿತು. ಮೂಡುಬಿದಿರೆಯ ನಮ್ಮ ಅಡುಗೆಮನೆಯಲ್ಲಿ, ಹಾಡುಹಗಲು, ಈ ವಯಸ್ಸಿನಲ್ಲಿ ನನ್ನ ಎದೆ ಧಸಕ್ಕೆಂದಿತು. ಆ ಸದ್ದು ನನಗೆ ಚೆನ್ನಾಗಿ ಗೊತ್ತು...

ನಾನು ಹುಟ್ಟಾ ಪುಕ್ಕಲು. ಬಂಟ್ವಾಳದ ನಮ್ಮ ಮನೆಯಲ್ಲಿ ಕೋಳಿ ಕೊಯ್ಯುವ ದಿನ ನೆರೆಮನೆಗೆ ಹೋಗಿ ಕೂರುತ್ತಿದ್ದವಳು. ಅಂಥವಳು ದಾದಿಯ ಕೆಲಸ ಕಲಿಯಲು ಹೋದದ್ದು ಅಪ್ಪ ತೀರಿಕೊಂಡರು ಎಂಬ ಕಾರಣಕ್ಕೆ. ಹಸಿದ ಹೊಟ್ಟೆ ಧೈರ್ಯ ಉಂಟೋ ಇಲ್ಲವೋ ಎಂದು ಕೇಳುವುದಿಲ್ಲ. ಐವತ್ತರ ದಶಕದ ಕೊನೆಯಲ್ಲಿ, ಬೆಳ್ತಂಗಡಿಗೆ ಹೋಗುವ ದಾರಿಯ ಒಂದು ಸಣ್ಣ ಪೇಟೆಯ ಸರಕಾರಿ ಹೆರಿಗೆ ಕೇಂದ್ರದಲ್ಲಿ ಕೆಲಸ ಸಿಕ್ಕಿತು. ನಾಲ್ಕು ಮಂಚ, ಒಂದು ಬಾವಿ, ಒಬ್ಬಳು ಆಯಾ, ನಾನು, ಮತ್ತು ಕೇಂದ್ರವನ್ನು ನಡೆಸುತ್ತಿದ್ದ ಹಿರಿಯ ದಾದಿ. ದಾದಿಯರನ್ನು ಆ ಊರಲ್ಲಿ ಬಾಯಮ್ಮ ಎಂದೇ ಕರೆಯುತ್ತಿದ್ದರು. ಹಾಗಾಗಿ ನಾನು ಸಣ್ಣ ಬಾಯಮ್ಮ, ಅವರು ದೊಡ್ಡ ಬಾಯಮ್ಮ.

ರಕ್ತಕ್ಕಿಂತ ಹೆಚ್ಚು ನಾನು ಹೆದರುತ್ತಿದ್ದುದು ಅವರಿಗೆ. ಕಡ್ಡಿಯಂಥ ಮೈ, ಗಂಜಿ ಹಾಕಿದ ಸೀರೆ, ನಗು ಎಂಬುದು ಹಬ್ಬಕ್ಕೊಂದು. ಮಧ್ಯಾಹ್ನ ಊಟದ ನಂತರ ಒಂದು ಗಂಟೆ ಅವರ ಕೋಣೆಯ ಬಾಗಿಲು ಹಾಕಿರುತ್ತಿತ್ತು. ಹೆರಿಗೆ ನೋವಿನವರು ಬಂದರೆ ಮಾತ್ರ ತಟ್ಟಬಹುದು. ಬಾಣಂತಿಯ ಮನೆಯವರು ಹಲಸಿನ ಹಣ್ಣು ಹೊತ್ತು ತಂದರೆ ಹಾಗೆಯೇ ತಿರುಗಿ ಹೊರಿಸಿ ಕಳಿಸುತ್ತಿದ್ದರು. ನಾನು ಒಮ್ಮೆ ಮನೆಯ ಕಷ್ಟ ಹೇಳಿಕೊಂಡು ಅತ್ತಾಗ, ಬಾವಿಕಟ್ಟೆಗೆ ಹೋಗಿ ಅತ್ತು, ಮುಖ ತೊಳೆದು ಬಾ ಎಂದಿದ್ದರು. ದೊಡ್ಡಸ್ತಿಕೆಯವರು ಎಂದು ಊರು ಆಡಿಕೊಳ್ಳುತ್ತಿತ್ತು. ಕಲ್ಲಿನಿಂದಾದರೂ ನೀರು ಬಂದೀತು, ಇವರಿಂದ ಒಂದು ಒಳ್ಳೆಯ ಮಾತು ಬಾರದು ಎಂದು ನಾನೂ ಮನಸ್ಸಿನಲ್ಲೇ ಬೈದುಕೊಂಡಿದ್ದೆ.

ಸೇರಿದ ವಾರದಲ್ಲೇ ನನ್ನ ಮೊದಲ ಹೆರಿಗೆ. ಟ್ರೇ ಹಿಡಿದು ಅವರ ಪಕ್ಕದಲ್ಲಿ ನಿಂತಿದ್ದೆ. ಕೈ ನಡುಗಿ ಟ್ರೇಯೊಳಗಿನ ಕತ್ತರಿ ಕಿಟಿಕಿಟಿ ಎನ್ನಲು ತೊಡಗಿತು. ನಿಲ್ಲಿಸಬೇಕೆಂದಷ್ಟೂ ಜೋರಾಯಿತು. ಮಂಚದಲ್ಲಿದ್ದವಳು ನೋವಿನ ನಡುವೆಯೂ ಕತ್ತು ತಿರುಗಿಸಿ ನನ್ನನ್ನೇ ನೋಡಿದಳು. ದೊಡ್ಡ ಬಾಯಮ್ಮ ಕತ್ತರಿಯನ್ನು ಎತ್ತಿ ಬಟ್ಟೆಯ ಮೇಲಿಟ್ಟರು. ಎಲ್ಲ ಮುಗಿದ ಮೇಲೆ ಕೈ ತೊಳೆಯುತ್ತ ಹೇಳಿದರು: "ಹೆದರಿಕೆ ಇರ್ಲಿ, ಅಡ್ಡಿಲ್ಲ. ಅದರ ಸದ್ದು ಮಾತ್ರ ಮಲಗಿದವಳಿಗೆ ಕೇಳ್ಬಾರ್ದು."

ಅವರಿಗೆ ಇನ್ನೊಂದು ನಿಯಮವಿತ್ತು: ಕೇಂದ್ರದ ಹುಡುಗಿಯರು ಒಬ್ಬರೇ ಯಾರ ಮನೆಗೂ ಹೆರಿಗೆಗೆ ಹೋಗಬಾರದು. ಅದರ ಹಿಂದಿನ ಕತೆಯನ್ನು ಆಯಾ ಪಾತ್ರೆ ಉಜ್ಜುತ್ತ ಪಿಸುದನಿಯಲ್ಲಿ ಹೇಳಿದಳು. ಹೊಳೆಯಾಚೆ ಧನಿಗಳ ದೊಡ್ಡ ಮನೆ. ಆ ಮನೆಯಲ್ಲಿ ಕೆಲಸದ ಹೆಂಗಸರು ಒಬ್ಬಂಟಿಯಾಗಿ ಹಿತ್ತಿಲಿಗೂ ಹೋಗುತ್ತಿರಲಿಲ್ಲ. ಧನಿಗಳ ತಮ್ಮ ಅಂಥವನು. ನನಗಿಂತ ಮೊದಲಿದ್ದ ಹುಡುಗಿಯನ್ನು ಅಲ್ಲಿಗೆ ಬಾಣಂತನಕ್ಕೆಂದು ಕರೆದರು. ಕಳಿಸಿದ್ದು ದೊಡ್ಡ ಬಾಯಮ್ಮನೇ. ತಿಂಗಳು ಕಳೆದು ಹಿಂದಿರುಗಿದ ಅವಳು ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಿರಲಿಲ್ಲ, ಯಾರು ಕರೆದರೂ ಬೆಚ್ಚುತ್ತಿದ್ದಳು. ಆಮೇಲೆ ಕೆಲಸ ಬಿಟ್ಟು ಹೋದಳು. ಅವಳು ಮಲಗುತ್ತಿದ್ದ ಚಾಪೆಯಲ್ಲೇ ನಾನು ಮಲಗುತ್ತಿದ್ದೆ. ಕತೆ ಕೇಳಿದ ದಿನ ಆ ಚಾಪೆಯನ್ನು ಮುಟ್ಟಲೂ ಭಯವಾಯಿತು.

ಏಪ್ರಿಲ್ ನಡುವಿನ ಬಿಸು ಹಬ್ಬ ಕಳೆದಿತ್ತು. ಸೆಕೆಯೆಂದರೆ ಸೆಕೆ. ಬೀಡಿ ಕಟ್ಟುವ ಒಬ್ಬಳು ಬೆಳಗ್ಗಿನಿಂದ ನೋವು ತಿನ್ನುತ್ತಿದ್ದಳು, ಮಗು ಅಡ್ಡ ಇದ್ದಂತಿತ್ತು. ದೊಡ್ಡ ಬಾಯಮ್ಮ ಅವಳ ಹತ್ತಿರದಿಂದ ಅಲುಗಾಡುವ ಹಾಗಿರಲಿಲ್ಲ. ಇಳಿಹೊತ್ತಿಗೆ ಕಪ್ಪು ಕಾರು ಬಂದು ನಿಂತಿತು. ಧನಿಗಳೇ ಇಳಿದರು. ಗದರುವ ಜನವಲ್ಲ, ಹೂವಿನಷ್ಟು ಮೆತ್ತಗೆ ಮಾತಾಡುವವರು. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಕತ್ತರಿಯಿದ್ದ ಟ್ರೇ ಕೈಯಲ್ಲಿ ಹಿಡಿದೇ ದೊಡ್ಡ ಬಾಯಮ್ಮ ಜಗಲಿಗೆ ಬಂದರು. ನಾನು ಅವರ ಬೆನ್ನ ಹಿಂದೆ.

"ಸೊಸೆಗೆ ನೋವು ಸುರುವಾಗಿದೆ ಬಾಯಮ್ಮ. ಈ ಹುಡುಗಿಯನ್ನು ಕಳಿಸಿ. ಬಾಣಂತನ ಮುಗಿಯುವವರೆಗೆ ನಮ್ಮಲ್ಲೇ ಇರ್ಲಿ." ಸೊಸೆ ಎಂದರೆ ಅವರ ತಂಗಿಯ ಮಗಳು. ಹೆಣ್ಣಿನ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದ ಮನೆ, ಹುಟ್ಟುವ ಮಗು ಆ ಮನೆಯದೇ ಕುಡಿ.

"ಹುಡುಗಿಯನ್ನು ಕಳಿಸುದಿಲ್ಲ ಧನಿಗಳೇ. ಸೊಸೆಯನ್ನು ಇಲ್ಲಿಗೆ ಕರ್ಕೊಂಡು ಬನ್ನಿ, ನಾನೇ ನೋಡ್ತೇನೆ."

"ನಮ್ಮ ಮನೆಯ ಹೆಂಗಸರು ಈ ಮಂಚದಲ್ಲಿ ಮಲಗುದಾ?"

"ಮಂಚ ಸ್ವಚ್ಛ ಉಂಟು."

ಧನಿಗಳು ಮಾಡಿನ ಹಂಚಿನತ್ತ ಒಮ್ಮೆ ನೋಡಿದರು. "ಈ ಕಟ್ಟಡ ಯಾರದ್ದು ಅಂತ ಗೊತ್ತುಂಟಲ್ಲ?"

"ಗೊತ್ತುಂಟು."

"ಹಾಗಾದ್ರೆ ಇದೂ ಗೊತ್ತಿರ್ಲಿ. ಅವಳಿಗೆ ಎಂತಾದ್ರೂ ಆದ್ರೆ ಅದು ನಿಮ್ಮ ತಲೆಗೆ."

ಆ ಮನೆಯ ಭಯ ಒಂದು ಕಡೆ, ನನ್ನಿಂದಾಗಿ ಒಬ್ಬಳು ಬಸುರಿ ಸತ್ತರೆ ಎಂಬ ಭಯ ಇನ್ನೊಂದು ಕಡೆ. ನಾನೇ ಹೋಗುತ್ತೇನೆ ಎಂದುಬಿಡಲು ಬಾಯಿ ತೆರೆದದ್ದೂ ಹೌದು. ಅಷ್ಟರಲ್ಲಿ ಕೇಳಿಸಿತು, ಕಿಟಿಕಿಟಿ... ಬಹಳ ಸಣ್ಣಗೆ. ದೊಡ್ಡ ಬಾಯಮ್ಮನ ಮುಖ ಕಲ್ಲಿನಂತೆಯೇ ಇತ್ತು, ಕೈ ಮಾತ್ರ ನಡುಗುತ್ತಿತ್ತು. ಅವರಿಗೂ ಹೆದರಿಕೆ! ಅದು ತಿಳಿದ ಕ್ಷಣದಲ್ಲಿ ನಾನು ಪಟ್ಟ ಭಯಕ್ಕೆ ಸಮನಾದದ್ದು ಬೇರೆ ಇಲ್ಲ. ಗೋಡೆ ಎಂದು ಆತುಕೊಂಡದ್ದು ಅಲುಗಿದ ಹಾಗಾಯಿತು. ಧನಿಗಳ ಕಣ್ಣು ನಿಧಾನವಾಗಿ ಟ್ರೇಯ ಕಡೆಗೆ ಇಳಿಯುತ್ತಿತ್ತು. ನಾನು ಮುಂದೆ ಹೋಗಿ, ಕುದಿಸಲು ಒಯ್ಯುವವಳ ಹಾಗೆ, ಟ್ರೇಯೊಳಗಿನ ಕತ್ತರಿಯನ್ನು ತೆಗೆದುಕೊಂಡೆ.

ಸದ್ದು ನಿಂತಿತು. ದೊಡ್ಡ ಬಾಯಮ್ಮ ಒಮ್ಮೆ ಉಸಿರೆಳೆದುಕೊಂಡರು. "ಹೆಚ್ಚು ದೂರ ಇಲ್ಲ. ಈಗ ಹೊರಟ್ರೆ ದೀಪ ಇಡುವ ಮೊದಲು ಅವಳನ್ನು ಇಲ್ಲಿಗೆ ಮುಟ್ಟಿಸ್ಬಹುದು" ಎಂದು ಹೇಳಿ ಒಳಗೆ ನಡೆದರು. ಧನಿಗಳು ಕಾರು ಹತ್ತಿದರು.

ನೀರು ಕಾಯಿಸು, ಎರಡನೇ ಮಂಚಕ್ಕೆ ಬಟ್ಟೆ ಹಾಸು ಎಂದು ಅಪ್ಪಣೆಯಾಗಿತ್ತು. ಒಲೆಯ ಮುಂದೆ ಕೂತು ರಸ್ತೆಗೆ ಕಿವಿ ಕೊಟ್ಟಿದ್ದೆ. ಕಾರು ಬರದಿದ್ದರೆ? ಬಂದರೂ ಅದರೊಳಗೆ ಹೆಣವಿದ್ದರೆ? ಒಂದಲ್ಲ, ಎರಡು ಜೀವ. ಇವರ ಹಟಕ್ಕೆ ಯಾರದೋ ಮನೆ ಹಾಳಾಗುತ್ತದಲ್ಲ ಎಂದು ಸಿಟ್ಟೂ ಬಂತು. ಆ ಹಟ ನನಗಾಗಿಯೇ ಎಂದು ನೆನಪಾದಾಗ ಅಳುವೂ ಬಂತು. ಬೀಡಿ ಕಟ್ಟುವವಳು ಅಂತೂ ಹೆತ್ತಳು. ಹೆಣ್ಣುಮಗು ಕಿರುಚಿಕೊಂಡು ಅತ್ತಿತು. ನನಗೆ ಅದೂ ಕಿವಿಗೆ ಬೀಳಲಿಲ್ಲ, ಕಾರಿನದ್ದೇ ಧ್ಯಾನ.

ಬಂತು, ಆಯಾ ದೀಪದ ಗಾಜು ಒರೆಸುತ್ತಿದ್ದಾಗ. ಧನಿಗಳು ಇರಲಿಲ್ಲ. ಅವರ ತಂಗಿಯೇ ತನ್ನ ಮಗಳನ್ನು ತೋಳಿನಲ್ಲಿ ಆನಿಸಿಕೊಂಡು ಇಳಿದರು. "ಅಣ್ಣ ಬೇಡ ಅಂದ್ರು. ನಾನು ಕರ್ಕೊಂಡು ಬಂದೆ" ಎಂದಷ್ಟೇ ಹೇಳಿದರು. ಮಗಳನ್ನು ಮಂಚಕ್ಕೆ ಸೇರಿಸಿದ ಮೇಲೆ ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಇವಳನ್ನಾ ಕರೆದದ್ದು?"

"ಹೌದು" ಎಂದರು ದೊಡ್ಡ ಬಾಯಮ್ಮ.

"ಕಳಿಸದೆ ಇದ್ದದ್ದು ಒಳ್ಳೆದಾಯ್ತು."

ಆಯಾ ಹೇಳಿದ ಕತೆಯನ್ನು ಊರಿನ ಬಾಯಿಮಾತೆಂದು ಅಷ್ಟು ದಿನ ಅಂದುಕೊಳ್ಳಬಹುದಿತ್ತು. ಇನ್ನು ಹಾಗೆ ಅಂದುಕೊಳ್ಳುವಂತಿರಲಿಲ್ಲ.

ಮಗುವಿನ ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿತ್ತು. ನೀಲಿಯಾಗಿ ಹುಟ್ಟಿ, ಅಳದೆ ಮಲಗಿತು. ದೊಡ್ಡ ಬಾಯಮ್ಮ ಅದರ ಬಾಯಿಗೆ ಬಾಯಿಟ್ಟು ಊದಿದರು, ಬೆನ್ನು ತಿಕ್ಕಿದರು, ಮತ್ತೆ ಊದಿದರು. ನನಗೆ ಗೊತ್ತಿದ್ದ ದೇವರು ದೈವಗಳೆಲ್ಲ ಅಷ್ಟರೊಳಗೆ ಮುಗಿದಿದ್ದರು. ಕೊನೆಗೆ ಬೆಕ್ಕಿನ ಮರಿಯ ಹಾಗೆ ಒಂದು ಸ್ವರ ಬಂತು. ಅದೂ ಹೆಣ್ಣೇ.

ಸೊಸೆಯೂ ಮಗುವೂ ಉಳಿದರೆಂದು ಧನಿಗಳ ಸಿಟ್ಟು ಇಳಿಯಲಿಲ್ಲ. ಮಳೆಗಾಲ ಮುಗಿಯುವ ಮೊದಲೇ ದೊಡ್ಡ ಬಾಯಮ್ಮನಿಗೆ ಘಟ್ಟದ ಮೇಲಿನ ಯಾವುದೋ ಊರಿಗೆ ವರ್ಗವಾಯಿತು. ಏಕೆಂದು ಯಾರೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ತಗಡಿನ ಪೆಟ್ಟಿಗೆ ಹಿಡಿದುಕೊಂಡು ನಾನು ಬಸ್ಸು ನಿಲ್ಲುವಲ್ಲಿಯವರೆಗೆ ಹೋದೆ. ಎಂದಿನಂತೆ ಅವರು ಒಂದು ಒಳ್ಳೆಯ ಮಾತನ್ನೂ ಆಡಲಿಲ್ಲ. ಬಸ್ಸು ತಿರುವಿನಲ್ಲಿ ಕಾಣಿಸಿದ ಮೇಲೆ, ನನ್ನ ಮುಖ ನೋಡದೆ ಹೇಳಿದರು:

"ಆ ದಿನ ನೀನು ಕತ್ತರಿ ತೆಗೆದೆ ನೋಡು... ಅಷ್ಟೊತ್ತಿಗೆ ನಿನ್ನನ್ನು ಕಳಿಸಿಬಿಡುವ ಅಂತ ನನಗೆ ಬಾಯಿವರೆಗೆ ಬಂದಿತ್ತು."

ಅಷ್ಟೇ. ಬಸ್ಸು ಹತ್ತಿದರು. ನಾನು ಪೆಟ್ಟಿಗೆ ಕೊಡುವುದನ್ನೂ ಮರೆತು ನಿಂತಿದ್ದೆ, ಕಂಡಕ್ಟರೇ ಅದನ್ನು ನನ್ನ ಕೈಯಿಂದ ಕಿತ್ತುಕೊಂಡ.

ಆಮೇಲೆ ನಾನೂ ಅಲ್ಲಿ ಇಲ್ಲಿ ದೊಡ್ಡ ಬಾಯಮ್ಮನಾದೆ. ಹುಡುಗಿಯರನ್ನು ಒಬ್ಬರೇ ಕಳಿಸುವುದಿಲ್ಲ ಎಂದು ದೊಡ್ಡವರ ಮುಂದೆ ಎಷ್ಟೋ ಸಲ ನಿಂತೆ. ಪ್ರತಿ ಸಲವೂ ಕೈ ನಡುಗಿದೆ, ಅಭ್ಯಾಸದಿಂದ ಹೋಗುವ ಹೆದರಿಕೆ ಅದಲ್ಲ. ನಿವೃತ್ತಿಯ ದಿನ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಟ್ರೇಯೊಂದನ್ನು ಕೇಳಿ ತಂದೆ. ದೊಡ್ಡ ಬಾಯಮ್ಮ ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಅವರು ಹೋಗಿ ಎಷ್ಟೋ ವರ್ಷದ ಮೇಲೆ, ಬಂಟ್ವಾಳದ ಬಸ್ಸಿನಲ್ಲಿ, ಪಕ್ಕ ಕೂತ ಒಬ್ಬ ದಾದಿಯ ಬಾಯಿಂದ. ಒಂದು ಕಾಗದವನ್ನಾದರೂ ಬರೆಯಬಹುದಿತ್ತು. ಏನೆಂದು ಬರೆಯುವುದೆಂದು ತಿಳಿಯದೆಯೇ ಕಾಲ ಕಳೆದುಹೋಯಿತು. ಈಗಲೂ ಕೆಲವೊಮ್ಮೆ ಆ ಕಪ್ಪು ಕಾರಿನ ಹಿಂದಿನ ಸೀಟಿನಲ್ಲಿ ನಾನೊಬ್ಬಳೇ ಕೂತು ಹೊಳೆ ದಾಟುತ್ತಿರುವ ಹಾಗೆ ಕನಸು ಬೀಳುತ್ತದೆ.

ಮೊನ್ನೆ ಮೊಮ್ಮಗಳು ಟ್ರೇ ಹಿಡಿದು ಅಲ್ಲೇ ನಿಂತಿದ್ದಳು. ನಾನು ಎದ್ದು ಹೋಗಿ ಚಮಚವನ್ನು ತೆಗೆದೆ.

"ಎಂತಕ್ಕೆ ಅಜ್ಜಿ?" ಎಂದು ಕೇಳಿದಳು.

"ಸದ್ದು ಆಗ್ತದೆ" ಎಂದೆ.