ಬಾಯಲ್ಲಿ ಟಾರ್ಚ್ ಇತ್ತು

ಮೊದಲೇ ಹೇಳಿಬಿಡುತ್ತೇನೆ, ಇದು ಮಿಮಿಕ್ರಿ ಅಲ್ಲ.

ನಾನು ಗೋಕಾಕದ ಒಂದು ಗ್ಯಾರೇಜಿನಲ್ಲಿ ಮೆಕ್ಯಾನಿಕ್, ಊರು ತುಕ್ಕಾನಟ್ಟಿ. ಊರಲ್ಲಿ ನನ್ನ ಗಂಟಲಿಗೆ ಸಿಗದ ಮನುಷ್ಯನಿಲ್ಲ. ಮೂಡಲಗಿ ಬಸ್ಸಿನ ಕಂಡಕ್ಟರ್ ಮೂಗಿನಲ್ಲಿ ಕೂಗುವುದು, ನನಗೆ ಹೆಣ್ಣು ಕೊಡಲು ಬಂದವರು ನನ್ನ ಪಗಾರ ಕೇಳಿ "ವಿಚಾರ ಮಾಡಿ ಹೇಳ್ತೇವ್ರಿ" ಎಂದು ಚಪ್ಪಲಿ ಹುಡುಕುವುದು... ಎಲ್ಲ ಮಾಡುತ್ತೇನೆ. ಅದಕ್ಕೇ ನಾನು ಖರೆ ಹೇಳಿದರೂ ಜನ ನಗುತ್ತಾರೆ. ನಗಲಿ. ಆ ರಾತ್ರಿ ನಡೆದದ್ದು ಮಾತ್ರ ನಡೆದದ್ದೇ, ನಮ್ಮ ಅವ್ವನ ಆಣೆಗೂ.

ನನಗೆ ಕೆಲಸ ಕಲಿಸಿದವರು ಮೌಲಾಸಾಬ ಉಸ್ತಾದರು. ಕೆಟ್ಟ ಗಾಡಿಯ ಬಾನೆಟ್ ಮೇಲೆ ಕೈಯಿಟ್ಟು, ಜ್ವರ ಬಂದ ಕೂಸನ್ನು ಮಾತಾಡಿಸುವಂತೆ "ಏನಾತ ತಂಗಿ?" ಎಂದು ಕೇಳುತ್ತಿದ್ದರು. ಅವರ ನಕಲು ಮಾಡುವಾಗ ನಾನು ಒಂದಿಷ್ಟು ಮಸಾಲೆ ಸೇರಿಸಿದ್ದೆ. ಮಾತಿನ ಕೊನೆಗೆ ನಾಲಿಗೆಯಿಂದ ಎರಡು ಸಲ... ಟಕ್ ಟಕ್. ಜನ ಬಿದ್ದು ಬಿದ್ದು ನಗುತ್ತಿದ್ದರು. ಉಸ್ತಾದರು ಮಾತ್ರ ಸ್ಪ್ಯಾನರ್ ಎತ್ತಿಕೊಂಡು ಬರುತ್ತಿದ್ದರು. "ನಾ ಯಾವಾಗ ಹಿಂಗ ಹಲ್ಲಿ ಹಂಗ ಲೊಚಗುಟ್ಟೇನಲೇ?"

ಹೋದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಆಮೇಲೆ ಆ ದನಿಯನ್ನು ನಾನು ಮುಟ್ಟಿರಲಿಲ್ಲ.

ಅದಾದ ಮೇಲೆ ನನ್ನ ಗೆಳೆಯ ಸಿದ್ರಾಮ ಹುಕ್ಕೇರಿಯಿಂದ ಹಳೆಯದೊಂದು ಆಟೋಮ್ಯಾಟಿಕ್ ಕಾರು ತಂದ. ಕ್ಲಚ್ಚಿಲ್ಲ, ಗೇರು ಬದಲಿಸುವ ತಾಪತ್ರಯವಿಲ್ಲ. ಆದರೆ ಸ್ವಲ್ಪ ದೂರ ಓಡಿದರೆ ಸಾಕು, ಗೇರ್‌ಬಾಕ್ಸಿನ ಎಣ್ಣೆ ಕಾದು ಎಚ್ಚರಿಕೆಯ ದೀಪ ಹತ್ತುತ್ತಿತ್ತು. ಎಣ್ಣೆ ಬದಲಿಸಿದೆ, ಮತ್ತೆ ಸುಟ್ಟು ಕಪ್ಪಾಯಿತು. ಫಿಲ್ಟರ್ ಬದಲಿಸಿದೆ, ಅದೇ ಹಾಡು. ಎಂಜಿನ್ನಿನ ನೀರಂತೂ ಮಿತಿಮೀರಿ ಕಾಯುತ್ತಲೇ ಇರಲಿಲ್ಲ. ಅಂದಮೇಲೆ ದೋಷ ಗೇರ್‌ಬಾಕ್ಸಿನ ಒಳಗೇ ಇದೆ ಎಂದು ನ್ಯಾಯಾಧೀಶನ ಮುಖ ಮಾಡಿಕೊಂಡು ತೀರ್ಪು ಕೊಟ್ಟೆ. ಆ ಮುಖ ನನಗೆ ಹೊಂದುವುದಿಲ್ಲ.

ಕಬ್ಬಿನ ಹಂಗಾಮು. ಪಂಪ್‌ಸೆಟ್ಟಿಗೆ ಕರೆಂಟು ರಾತ್ರಿಯೇ ಬರುತ್ತಿತ್ತು. ಗದ್ದೆಗೆ ನೀರು ತಿರುಗಿಸಲು ಹೋಗಿದ್ದ ಸಿದ್ರಾಮನ ಅಪ್ಪ ಬಾಳಪ್ಪ ಕಾಕಾನಿಗೆ ಹಾವು ಕಚ್ಚಿತು. ಆಂಬುಲೆನ್ಸ್ ಬೇರೆ ಊರಿಗೆ ಹೋಗಿತ್ತು. ಅಂಗಳದಲ್ಲಿದ್ದದ್ದು ಆ ಕಾರೊಂದೇ.

"ಗೋಕಾಕ ಮುಟ್ಟತೈತೇನೋ ಬಸ್ಯಾ?" ಸಿದ್ರಾಮ ಕೇಳಿದ.

"ಮುಟ್ಟಸೂಣು. ನಡಿ."

ಸಿದ್ರಾಮ ಕಾರು ಹೊಡೆಯುತ್ತಿದ್ದ. ಹಿಂದಿನ ಸೀಟಿನಲ್ಲಿ ಕಾಕಾನ ತಲೆ ನನ್ನ ತೊಡೆಯ ಮೇಲಿತ್ತು. ಅವರ ರೆಪ್ಪೆಗಳು ತಾವಾಗಿಯೇ ಜೋತು ಬೀಳುತ್ತಿದ್ದವು. ಉಸಿರು ಎಳೆದೆಳೆದು ಬರುತ್ತಿತ್ತು.

"ಕಣ್ ಮುಚ್ಚಬ್ಯಾಡ್ರಿ ಕಾಕಾ." ಎಚ್ಚರವಿರಲಿ ಎಂದು ಕಂಡಕ್ಟರನ ದನಿ ಮಾಡಿದೆ, ಅವರ ಹೆಂಡತಿಯ ದನಿಯಲ್ಲೇ ಬೈದೆ. ಅವರ ತುಟಿ ಅಲುಗಿತು. ನಾಲಿಗೆ ತೊದಲುತ್ತಿತ್ತು.

"ನಮ್ಮ... ಮೌಲಾಸಾಬಂದ... ಮಾಡೋ."

ಕಾಕಾ, ಉಸ್ತಾದರು ಇಬ್ಬರೂ ಚಡ್ಡಿ ಕಾಲದ ಗೆಳೆಯರು. ಇಲ್ಲ ಎನ್ನಲಾಗಲಿಲ್ಲ. "ಏನಾತ ತಂಗಿ? ಟಕ್ ಟಕ್."

ಅದೇ ಹೊತ್ತಿಗೆ ಡ್ಯಾಶ್‌ಬೋರ್ಡಿನ ದೀಪ ಹತ್ತಿತು.

ಅರಭಾವಿ ದಾಟಿದ್ದೆವು. ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರ್ ಜೋರಾಗಿ ಹಾಡು ಹಚ್ಚಿಕೊಂಡು ತೆವಳುತ್ತಿತ್ತು. ಒಲೆಯ ಮೇಲೆ ಮರೆತ ಮಿರ್ಚಿ ಬಾಣಲೆಯಂಥ ಕಮಟು ವಾಸನೆ ಒಳಗೆ ತುಂಬಿತು. ಎಂಜಿನ್ ಚೀರುತ್ತಿತ್ತು, ಗಾಲಿ ಮಾತ್ರ ಎಳೆಯಲಿಲ್ಲ. ಕಾರು ಕಬ್ಬಿನ ಗದ್ದೆಯ ಬಾಜೂ ನಿಂತೇಬಿಟ್ಟಿತು. ಟ್ರ್ಯಾಕ್ಟರಿನ ಹಾಡು ದೂರವಾಗುತ್ತಾ ಹೋಗಿ... ಕೇಳದಾಯಿತು.

ನಾನು ಜಿಗಿದು ಬಾನೆಟ್ ಎತ್ತಿದೆ. ಎರಡೂ ಕೈ ಬೇಕಿದ್ದರಿಂದ ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡೆ. ಬಿಸಿ ಮುಖಕ್ಕೆ ರಾಚಿತು. ಒಳಗಿನಿಂದ ಸಿದ್ರಾಮ, "ಬಂದ್ ಮಾಡ್ತೇನಿ, ತಣ್ಣಗಾಗ್ಲಿ," ಎಂದ. ಒಣಗಿದ ಕಬ್ಬಿನ ಎಲೆ ಚರಚರ ಎನ್ನುತ್ತಿತ್ತು. ಗಾಳಿ ಇರಲಿಲ್ಲ.

ಆಗ... ನನ್ನ ಕಿವಿಯ ಹತ್ತಿರವೇ...

"ಬಂದ್ ಮಾಡಬ್ಯಾಡ್ರಲೇ. ನ್ಯೂಟ್ರಲ್‌ದಾಗ ಹಾಕಿ ಎಂಜಿನ್ ಚಾಲೂ ಬಿಡ್ರಿ, ಎಣ್ಣಿ ತಿರಗಾಡ್ಲಿ. ಬಸ್ಯಾ, ಮ್ಯಾಲೇನ್ ನೋಡ್ತಿ? ತೆಳಗ ನೋಡು, ಬಂಪರ್ ಹಿಂದ. ತಂಗಿಗೆ ಉಸಿರ ಕಟ್ಟೇತಿ. ಟಕ್ ಟಕ್."

ಸಿದ್ರಾಮ ಕಿಟಕಿಯಿಂದ ತಲೆ ಹಾಕಿ ಅಳುತ್ತಾ ಬೈದ. "ನಮ್ಮಪ್ಪ ಸಾಯಾಕತ್ತಾನ, ನೀ ಉಸ್ತಾದನ ನಕಲಿ ಮಾಡಾಕತ್ತಿ! ಮಂಗ್ಯಾನ ಮಗನ!" ಆದರೂ ಅವನ ಕೈ ಕೀಲಿ ಬಿಟ್ಟು ನ್ಯೂಟ್ರಲ್‌ಗೆ ಹಾಕಿತು.

ನಾನು ಉತ್ತರ ಕೊಡಲಿಲ್ಲ. ಕೊಡುವುದು ಹೇಗೆ? ಹಲ್ಲು ಟಾರ್ಚಿನಲ್ಲಿ ನೆಟ್ಟಿದ್ದವು.

ನೆಲಕ್ಕೆ ಮಲಗಿ ಬಂಪರಿನ ಕೆಳಗಿನ ಕಿಂಡಿಗೆ ಕೈ ತೂರಿಸಿದೆ. ಗೇರಿನ ಎಣ್ಣೆ ತಣ್ಣಗಾಗುವ ಸಣ್ಣ ಕೂಲರ್ ಆ ಕಾರಿನಲ್ಲಿ ಅಲ್ಲಿ, ಬೇರೆಯಾಗಿಯೇ ಕೂತಿತ್ತು. ಅದರ ಮುಂದೆ ಏನೋ ಮೆತ್ತಗೆ... ಸತ್ತ ದನದ ಚರ್ಮದಂತೆ. ಜಗ್ಗಿದೆ. ಸೊಳ್ಳೆ ಜಾಳಿಗೆ! ಹುಕ್ಕೇರಿಯ ಹಳೆಯ ಮಾಲೀಕನದು ಬೆಲ್ಲದ ಗಾಣ. ಕಬ್ಬಿನ ಸಿಪ್ಪೆ ಹಾರಿ ಒಳಗೆ ಹೋಗದಿರಲಿ ಎಂದು ಕಿಂಡಿಗೆ ಜಾಳಿಗೆ ಬಿಗಿದು, ಕಾಣದಂತೆ ಕಪ್ಪು ಬಳಿದಿದ್ದ. ಅದರಲ್ಲಿ ನಾರು, ಬೂದಿ ಮೆತ್ತಿಕೊಂಡು ಕಂಬಳಿಯಾಗಿತ್ತು. ಗಾಳಿಯೇ ಹೋಗುತ್ತಿರಲಿಲ್ಲ.

ಜಾಳಿಗೆ ಹರಿದು ಬಿಸಾಕಿದೆ. ಎಷ್ಟು ಹೊತ್ತು ಕಾದೆವೋ ಗೊತ್ತಿಲ್ಲ, ಕಾಕಾನ ಎದೆಯನ್ನೇ ನೋಡುತ್ತಿದ್ದೆವು. ದೀಪ ಆರಿತು. ಗಾಲಿ ಎಳೆಯಿತು.

ಆಸ್ಪತ್ರೆಯಲ್ಲಿ ಗಂಟಲಿಗೆ ನಳಿಗೆ ಇಳಿಸಿದರು. ಇನ್ನಷ್ಟು ತಡವಾಗಿದ್ದರೆ ತಮ್ಮ ಕೈಲಿರಲಿಲ್ಲ ಎಂದರು ಡಾಕ್ಟರು. ಕಾಕಾ ಉಳಿದರು. ದನಿ ಮಾತ್ರ ಇನ್ನೂ ಪೂರ್ತಿ ಮರಳಿಲ್ಲ. ಆ ಗೊಗ್ಗರು ದನಿಯನ್ನು ನಾನು ಯಾರ ಮುಂದೆಯೂ ಮಾಡುವುದಿಲ್ಲ.

ಸಿದ್ರಾಮ ಚಹಾದಂಗಡಿಯಲ್ಲಿ ಹೇಳಿಕೊಂಡು ತಿರುಗುತ್ತಾನೆ, "ಅಂಥಾ ಹೊತ್ತಿನ್ಯಾಗೂ ಉಸ್ತಾದನ ದನೀಲೇ ಮಾತಾಡಿದ್ನೋ ಮಾರಾಯಾ!" ಬಾಯಲ್ಲಿ ಟಾರ್ಚ್ ಇತ್ತು ಎಂದರೆ ಇನ್ನೂ ಜೋರಾಗಿ ನಗುತ್ತಾರೆ. "ಟಾರ್ಚ್ ಕಚಗೊಂಡೂ ಮಾಡ್ತಾನಂದ್ರ ಕಲಾವಿದ ಬಿಡ್ರಿ!" ಹಲ್ಲಿನ ಗುರುತು ಬಿದ್ದ ಆ ಟಾರ್ಚ್ ಮನೆಯಲ್ಲೇ ಇದೆ.

ಉಸ್ತಾದರೇ ಬಂದು ಗೆಳೆಯನನ್ನು ಉಳಿಸಿಕೊಂಡರು ಎಂದುಕೊಂಡರೆ ನಿದ್ದೆಯಾದರೂ ಬರುತ್ತಿತ್ತು. ಆದರೆ ಆ ಟಕ್ ಟಕ್... ಉಸ್ತಾದರು ಬದುಕಿದ್ದ ತನಕ ಒಮ್ಮೆಯೂ ಹಾಗೆ ಮಾಡಿದವರಲ್ಲ. ಅದು ನಾನು ಹಾಕಿದ ಮಸಾಲೆ. ಕತ್ತಲಲ್ಲಿ ನನ್ನ ಪಕ್ಕ ನಿಂತು ಮಾತಾಡಿದ್ದು ಯಾರೇ ಇರಲಿ... ನಕಲು ಮಾಡುತ್ತಿದ್ದದ್ದು ನನ್ನನ್ನು.

ಈಗ ಯಾರ ದನಿ ಮಾಡುವಾಗಲೂ ನನ್ನದೊಂದು ಕೈ ಗಂಟಲ ಮೇಲಿರುತ್ತದೆ. ಗಂಟಲು ಅದುರುತ್ತಿದೆಯೇ, ಮಾತಾಡುತ್ತಿರುವುದು ನಾನೇ ತಾನೇ ಎಂದು ನೋಡಿಕೊಳ್ಳಲು. ಜನ ಅದನ್ನೂ ನನ್ನ ಹೊಸ ಸ್ಟೈಲ್ ಎಂದುಕೊಂಡು ಚಪ್ಪಾಳೆ ಹೊಡೆಯುತ್ತಾರೆ.