ಗೌಸಣ್ಣ ಮೈಕಿನಲ್ಲಿ ಹೇಳದ ಹೆಸರು

ಗೌಸಣ್ಣನ ಗಂಟಲಿನ ಕೆಳಗೆ, ಎರಡು ಎಲುಬು ಕೂಡುವ ಕಡೆ, ಕಡಲೆಕಾಳು ಕೂರುವಷ್ಟು ದೊಡ್ಡ ಗುಳಿಯಿತ್ತು. ಪರಿಚಯವಾದ ಮೊದಲ ದಿನವೇ ಆತ ಅಂಗಿಯ ಮೇಲಿನ ಗುಂಡಿ ಬಿಚ್ಚಿ ಅದನ್ನು ತೋರಿಸಿದಾಗ ನನ್ನ ಕೈಯಲ್ಲಿದ್ದ ಚಹಾ ತುಳುಕಿ ಫೈಲಿನ ಮೇಲೆ ಬಿತ್ತು.

"ಹೆದರಬ್ಯಾಡ್ರಿ ಮೇಡಂ. ಆರು ವರ್ಷದವನಿದ್ದಾಗ ಗಂಟಲಮಾರಿ ಬಂದಿತ್ತು. ಉಸಿರು ಕಟ್ಟಿ ನೀಲಿ ಆಗಿದ್ನಂತೆ. ಡಾಕ್ಟ್ರು ಇಲ್ಲಿ ಕೊಯ್ದು ನಳಿಗಿ ಇಟ್ರು. ಹದಿನೈದು ದಿನ ಇದೇ ನನ್ನ ಮೂಗು" ಎಂದು ನಕ್ಕು, ಗುಂಡಿ ಹಾಕಿಕೊಂಡ.

ಗಂಟಲಮಾರಿ ಎಂದರೆ ಡಿಫ್ತೀರಿಯಾ. ನಾನು ಅದರ ಬಗ್ಗೆ ಪೋಸ್ಟರ್ ಬರೆಸುತ್ತಿದ್ದೆ, ತಾಯಂದಿರ ಸಭೆಗಳಲ್ಲಿ ಭಾಷಣ ಮಾಡುತ್ತಿದ್ದೆ. ದಾವಣಗೆರೆಯ ಆರೋಗ್ಯ ಕಚೇರಿಯೊಂದರಲ್ಲಿ ಮಕ್ಕಳ ಲಸಿಕೆಯ ಪ್ರಚಾರ ನನ್ನ ಕೆಲಸ. ಆದರೆ ಆ ರೋಗವನ್ನು ದಾಟಿ ಬಂದ ಮನುಷ್ಯನನ್ನು ಕಣ್ಣಾರೆ ಕಂಡದ್ದು ಅದೇ ಮೊದಲು.

ಗೌಸಣ್ಣನದು ಹರಿಹರ. ಎರಡು ಧ್ವನಿವರ್ಧಕ ಕಟ್ಟಿದ ಹಳೆಯ ಆಟೋದಲ್ಲಿ ದಿನಾ ಬೆಳಿಗ್ಗೆ ದಾವಣಗೆರೆಗೆ ಬರುತ್ತಿದ್ದ. ಸೀರೆ ಅಂಗಡಿಯ ಆಷಾಢದ ರಿಯಾಯಿತಿ, ನಲ್ಲಿ ನೀರು ನಿಲ್ಲುವ ದಿನ, ಕಳೆದುಹೋದ ಎಮ್ಮೆ, ಎಲ್ಲವನ್ನೂ ಕೂಗುತ್ತಿದ್ದ. ಬುಧವಾರ ಮಾತ್ರ ನಮ್ಮವನು, ಏಕೆಂದರೆ ಗುರುವಾರ ಲಸಿಕೆಯ ದಿನ. ಆತನ ದನಿ ತಗಡಿನ ಮೇಲೆ ಮರಳು ಉಜ್ಜಿದಂತಿತ್ತು. ಇಂಥ ದನಿಯವನಿಗೆ ಮೈಕ್ ಕೊಟ್ಟವರು ಯಾರು ಎಂದು ಮೊದಲು ಅನಿಸಿತ್ತು. ಆದರೆ ಆ ದನಿ ಕೇಳಿದ ಕೂಡಲೇ ಹೆಂಗಸರು ಕೈಯಲ್ಲಿದ್ದ ಪಾತ್ರೆಯ ಸಮೇತ ಬಾಗಿಲಿಗೆ ಬರುತ್ತಿದ್ದರು.

ನಾನು ಬರೆದುಕೊಟ್ಟ ಮೊದಲ ಘೋಷಣೆ ಹೀಗಿತ್ತು: 'ನಿಮ್ಮ ಮಗುವಿನ ಉಜ್ವಲ ಭವಿಷ್ಯಕ್ಕಾಗಿ ಇಂದೇ ಲಸಿಕೆ ಹಾಕಿಸಿ.' ಗೌಸಣ್ಣ ಅದನ್ನು ಒಮ್ಮೆ ಓದಿ ಸೀಟಿನ ಕೆಳಗೆ ಇಟ್ಟ.

"ಉಜ್ವಲ ಭವಿಷ್ಯ ಅಂದ್ರೆ ಟ್ಯೂಷನ್ ಕ್ಲಾಸಿಂದು ಅನ್ಕಂತಾರ್ರಿ."

ಆತ ಕೂಗಿದ್ದು ಬೇರೆಯೇ. ಕನ್ನಡದಲ್ಲಿ ಒಂದು ಸಲ, ಉರ್ದುವಿನಲ್ಲಿ ಒಂದು ಸಲ. "ನಾಳೆ ಗುರುವಾರ. ಹತ್ತು ಗಂಟೆಗೆ ಸಿಸ್ಟರ್ ಅಂಗನವಾಡಿಗೆ ಬರ್ತಾರೆ. ಮಗೂನ ಕರ್ಕೊಂಡ್ ಬರ್ರಿ, ಕಾರ್ಡ್ ತಗೊಂಡ್ ಬರ್ರಿ. ಮನಸಿನಾಗೆ ಏನಾರ ಅಂಜಿಕಿ ಇದ್ರೆ ಅದನ್ನೂ ತಗೊಂಡ್ ಬರ್ರಿ."

ಬಾಗಿಲಲ್ಲಿ ತೊಟ್ಟಿಲು ಕಂಡರೆ ಮೈಕ್ ಆರಿಸಿಬಿಡುತ್ತಿದ್ದ. "ಮಲಗಿದ ಕೂಸು ಎಬ್ಬಿಸಿದ್ರೆ ಅವ್ವ ನನ್ನ ಮಾತು ಕೇಳ್ತಾಳೇನ್ರಿ?" ಎನ್ನುತ್ತಿದ್ದ. ಅಲ್ಲಿ ಇಳಿದು, ಚಪ್ಪಲಿ ಬಿಟ್ಟು, ಮೆಟ್ಟಿಲ ಮೇಲೆ ಕೂತು ಮಾತಾಡುತ್ತಿದ್ದ.

ವಿನೋಬನಗರದಲ್ಲಿ ಒಬ್ಬ ವೆಲ್ಡಿಂಗ್ ಕೆಲಸದವನಿದ್ದ. ಮಗಳಿಗೆ ಮೊದಲ ಇಂಜೆಕ್ಷನ್ ಆದಮೇಲೆ ಜ್ವರ ಬಂದು ತೊಡೆ ಊದಿತ್ತಂತೆ. ಅಂದಿನಿಂದ ಸಿಸ್ಟರ್‌ಗಳನ್ನು ಓಣಿಯೊಳಗೆ ಬಿಡುತ್ತಿರಲಿಲ್ಲ. ನಾನು ಹೋಗಿ ಲಸಿಕೆಯ ಪ್ರಯೋಜನಗಳನ್ನು ಒಂದೊಂದಾಗಿ ಹೇಳಿದೆ. ಆತ ವೆಲ್ಡಿಂಗ್ ಗನ್ ಹಚ್ಚಿ ಕಿಡಿ ಹಾರಿಸತೊಡಗಿದ. ಗೌಸಣ್ಣ ಮೂರು ಬುಧವಾರ ಆ ಶೆಡ್ಡಿನ ಮುಂದೆ ಸುಮ್ಮನೆ ಕೂತ. ಮೂರನೆಯ ಬುಧವಾರ ವೆಲ್ಡಿಂಗಿನವನೇ ಗನ್ ಕೆಳಗಿಟ್ಟು, "ಏನ್ ಚಾಚಾ, ವಾರ ವಾರ ಬಂದು ಕೂಡ್ತೀಯಲ್ಲ, ಏನು ಬೇಕು?" ಎಂದ.

"ಏನೂ ಬ್ಯಾಡ. ಅವತ್ತು ಜ್ವರ ಬಂತಲ್ಲ, ಎಷ್ಟು ಅಂಜಿದ್ದೆಪ್ಪ ನೀನು?"

ಅಷ್ಟೇ ಕೇಳಿದ್ದು. ಗಟ್ಟಿಮುಟ್ಟಾದ ಆ ಗಂಡಸು ಹೇಳಲು ಶುರು ಮಾಡಿದವನು ಕಣ್ಣು ಒರೆಸಿಕೊಂಡ. ಜ್ವರ ಬರಬಹುದು, ಎರಡು ದಿನದಲ್ಲಿ ಇಳಿಯುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಮಾರನೆಯ ದಿನ ಮಗಳನ್ನು ತಾನೇ ಎತ್ತಿಕೊಂಡು ಬಂದ. ವಾಪಸು ಬರುವಾಗ ಗೌಸಣ್ಣ ನನಗೆ ಹೇಳಿದ: "ನಿಮ್ಮ ಚೀಟ್ಯಾಗೆ ಜ್ವರದ ಮಾತೇ ಇಲ್ಲ ಮೇಡಂ. ಒಳ್ಳೇದು ಅಷ್ಟೇ ಹೇಳಿ ಹೋದ್ವಿ ಅಂದ್ರೆ, ನಾಳೆ ಮೈ ಬಿಸಿ ಆದಾಗ ನಾವು ಸುಳ್ಳುಗಾರರು ಆಗಂಗಿಲ್ಲೇನ್ರಿ?" ಮುಂದಿನ ವಾರವೇ ನಾನು ಕರಪತ್ರ ತಿದ್ದಿಸಿದೆ.

ಇಷ್ಟು ತಿಳಿದಿದ್ದ ಮನುಷ್ಯನ ಮೇಲೆ ನಾನೊಮ್ಮೆ ಸಿಟ್ಟಾಗಿ ಎರಡು ವಾರ ಮಾತು ಬಿಟ್ಟಿದ್ದೆ.

ನನ್ನ ಅಕ್ಕನ ಮನೆ ನಿಜಲಿಂಗಪ್ಪ ಬಡಾವಣೆಯಲ್ಲಿ. ಭಾವನದು ಪೈಪು, ಪಂಪ್‌ಸೆಟ್ಟಿನ ವ್ಯಾಪಾರ. ಅಕ್ಕ ಎಂ.ಎಸ್ಸಿ. ಓದಿದವಳು. ಐದು ವರ್ಷದ ಮಗಳು, ನಾಲ್ಕು ತಿಂಗಳ ಮಗ. ಒಂದು ಬುಧವಾರ ಶಾಮನೂರಿನ ಕೆಲಸ ಮುಗಿಸಿ ಬರುವಾಗ ಮಳೆ ಹಿಡಿಯಿತು. ಗೌಸಣ್ಣನ ಆಟೋದಲ್ಲೇ ಅಕ್ಕನ ಮನೆಗೆ ಹೋದೆ. ಅಕ್ಕ ಮಿರ್ಚಿ ಕರಿದು, ಮಂಡಕ್ಕಿ ಒಗ್ಗರಣೆ ಹಾಕಿ ಕೊಟ್ಟಳು. ಮಗಳು ಬಂದು ಗೌಸಣ್ಣನ ಕತ್ತಿನ ಗುಳಿಯನ್ನು ಬೆರಳಿಂದ ಮುಟ್ಟಿ, "ಇದು ಯಾಕೆ ಹಿಂಗೈತೆ ತಾತ?" ಎಂದಳು. ಗೌಸಣ್ಣ ನಕ್ಕು, ತನ್ನ ಕತೆ ಹೇಳಿ, ಎಲ್ಲ ಮನೆಗಳಲ್ಲಿ ಕೇಳುವಂತೆ ಇಲ್ಲೂ ಕೇಳಿದ.

"ಅಮ್ಮಾರೆ, ಮಕ್ಕಳ ಕಾರ್ಡ್ ಐತಲ್ರಿ? ಒಂದಿಷ್ಟು ತೋರಿಸ್ರಿ."

ಅಕ್ಕ ನಗುತ್ತಾ, "ಎಲ್ಲೋ ಬೀರುವಿನಾಗೆ ಐತೆ" ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ನನಗೆ ನಾಚಿಕೆಯಾಯಿತು. "ಗೌಸಣ್ಣ, ಇದು ನಮ್ಮಕ್ಕನ ಮನೆ" ಎಂದೆ.

ದಾರಿಯಲ್ಲಿ ಆತ ಮೆಲ್ಲಗೆ, "ಕಾರ್ಡ್ ತೋರಿಸ್ಲಿಲ್ಲ ಅವ್ರು" ಎಂದ. ನಾನು ರೇಗಿದೆ. ಓದಿದವರ ಮನೆ, ಮೇಲಾಗಿ ನನ್ನ ಅಕ್ಕ, ಅವಳಿಗೆ ನೀನು ಹೇಳಿಕೊಡಬೇಕೇ ಎಂದೆ. ಗೌಸಣ್ಣ ಕನ್ನಡಿಯಲ್ಲಿ ನನ್ನನ್ನು ನೋಡಿದ. "ವಿನೋಬನಗರದಾಗೆ ಕೇಳಬಹುದು, ಇಲ್ಲಿ ಕೇಳಬಾರ್ದೇನ್ರಿ?" ಅಂದಿನಿಂದ ಆತನೊಂದಿಗೆ ಮಾತು ಬಿಟ್ಟೆ.

ಹದಿನಾರನೆಯ ದಿನ ಅಕ್ಕ ಫೋನ್ ಮಾಡಿದಳು. ಮಗಳಿಗೆ ಗಂಟಲು ನೋವು, ಜ್ವರ. ಆಸ್ಪತ್ರೆಗೆ ಸೇರಿಸಿದ್ದೇವೆ ಎಂದಳು. ನಾನು ಹೋಗಿ ನೋಡಿದಾಗ ಮಗುವಿನ ಕುತ್ತಿಗೆ ಎರಡೂ ಕಡೆ ಊದಿ ಗದ್ದದ ಗೆರೆಯೇ ಅಳಿಸಿಹೋಗಿತ್ತು. ಬಾಯಿ ತೆರೆಸಿದರೆ ಗಂಟಲಲ್ಲಿ ಬೂದು ಬಣ್ಣದ ಪೊರೆ. ನನ್ನ ಪೋಸ್ಟರಿನಲ್ಲಿದ್ದ ಚಿತ್ರವೇ ಅದು. ಡಾಕ್ಟರು ನೇರವಾಗಿ ಕೇಳಿದರು: "ಲಸಿಕೆ ಕಾರ್ಡ್ ಎಲ್ಲಿ?"

ಅಕ್ಕ ನೆಲ ನೋಡುತ್ತಾ ವ್ಯಾನಿಟಿ ಬ್ಯಾಗಿನಿಂದ ಕಾರ್ಡ್ ತೆಗೆದಳು. ಹುಟ್ಟಿದ ದಿನ ಹಾಕಿದ್ದಷ್ಟೇ. ಉಳಿದ ಚೌಕಗಳೆಲ್ಲ ಖಾಲಿ. ತಮ್ಮನದೂ ಹಾಗೇ. ಐದು ವರ್ಷ ಊರಿನ ಮಕ್ಕಳ ಕಾರ್ಡ್ ನೋಡುತ್ತಾ ತಿರುಗಿದವಳು ನಾನು.

"ನಂಗ್ಯಾಕೆ ಹೇಳ್ಲಿಲ್ಲ?" ಎಂದೆ.

"ಫೋನಿನಾಗೆ ಲಸಿಕೆ ಕೆಟ್ಟದ್ದು ಅನ್ನೋ ವಿಡಿಯೋಗಳು ನೋಡಿ ಹೆದರಿಕಿ ಆಗಿತ್ತು. ನಿನ್ನ ಕೇಳ್ಬೇಕು ಅನ್ಕಂಡಿದ್ದೆ. ಕೇಳಿದ್ರೆ ನೀನು ಭಾಷಣ ಮಾಡ್ತಿದ್ದೆ. ದಡ್ಡಿ ಅಂತಿದ್ದೆ. ಅದಕ್ಕೇ ಕೇಳ್ಲಿಲ್ಲ."

ರೋಗದ ವಿಷ ಇಳಿಸುವ ಸೀರಮ್ಮಿನ ಇಂಜೆಕ್ಷನ್ ಊರಿನಲ್ಲಿ ಸಿಗಲಿಲ್ಲ. ಬೇರೆ ಜಿಲ್ಲೆಯಿಂದ ತರಿಸುವಷ್ಟರಲ್ಲಿ ಒಂದು ಹಗಲು ಕಳೆಯಿತು. ಆದರೂ ಮಗು ಚೇತರಿಸಿಕೊಂಡಳು. ಪೊರೆ ಕರಗಿತು, ಊತ ಇಳಿಯಿತು. ತಮ್ಮನಿಗೂ ಮನೆಯವರಿಗೂ ಮುನ್ನೆಚ್ಚರಿಕೆಯ ಔಷಧಿ ಕೊಟ್ಟರು. ಒಂಬತ್ತನೆಯ ದಿನ ಅವಳು ಇಡ್ಲಿ ತಿಂದು, ಸುದ್ದಿ ಕೇಳಿ, ನನ್ನ ಸಿಟ್ಟನ್ನು ಲೆಕ್ಕಿಸದೆ ಬಂದ ಗೌಸಣ್ಣ ತಂದುಕೊಟ್ಟ ಬಣ್ಣದ ಪೆನ್ಸಿಲಿನಲ್ಲಿ ಆಟೋ ಬರೆದಳು. ನಾವೆಲ್ಲ ನಕ್ಕೆವು. ಡಾಕ್ಟರು ಮಾತ್ರ ನಗಲಿಲ್ಲ. ಈ ರೋಗದ ವಿಷ ಗಂಟಲು ಬಿಟ್ಟಮೇಲೂ ಹೃದಯದಲ್ಲಿ ಉಳಿದಿರಬಹುದು ಎಂದಿದ್ದರು.

ಹನ್ನೊಂದನೆಯ ದಿನ ಬೆಳಿಗ್ಗೆ ಅಕ್ಕ ಅವಳ ಜಡೆ ಹೆಣೆಯುತ್ತಿದ್ದಳು. ಮಗು "ಅಮ್ಮಾ, ಸುಸ್ತು" ಎಂದು ಹಿಂದಕ್ಕೆ ಒರಗಿದಳು. ಅಷ್ಟೇ. ಡಾಕ್ಟರು ಓಡಿ ಬಂದರು, ಎದೆ ಒತ್ತಿದರು, ಏನೇನೋ ಮಾಡಿದರು. ಒಂದು ಜಡೆ ಹೆಣೆದಿತ್ತು, ಇನ್ನೊಂದು ಕಡೆ ಕೂದಲು ಬಿಚ್ಚಿಯೇ ಇತ್ತು.

ಮೂರು ವಾರ ನನಗೆ ಅಳು ಬರಲಿಲ್ಲ. ಕೆಲಸಕ್ಕೆ ಹೋದೆ, ಊಟ ಮಾಡಿದೆ, ಯಾರೋ ಮಾತಾಡಿಸಿದರೆ ಎರಡನೆಯ ಸಲಕ್ಕೆ ಕೇಳಿಸುತ್ತಿತ್ತು. ಒಂದು ಬುಧವಾರ ಕೂತು ಹೊಸ ಘೋಷಣೆ ಬರೆದೆ. ಅದರಲ್ಲಿ ಅವಳ ಹೆಸರು, ವಯಸ್ಸು, ಬಡಾವಣೆ, ಅವಳು ಹೇಳಿದ ಕೊನೆಯ ಮಾತು, ಎಲ್ಲ ಇತ್ತು. ಊರಿಗೆ ಊರೇ ಬೆಚ್ಚಿಬೀಳಬೇಕು ಅನ್ನಿಸಿತ್ತು.

ಗೌಸಣ್ಣ ಓದಿದ. ಈ ಸಲ ಸೀಟಿನ ಕೆಳಗೆ ಇಡಲಿಲ್ಲ. ಮಡಿಚಿ ನನ್ನ ಕೈಗೇ ಕೊಟ್ಟ.

"ಈ ಮಗಿನ ಹೆಸರು ನನ್ನ ಮೈಕಿನಾಗೆ ಬರಂಗಿಲ್ಲ ಮೇಡಂ."

"ನಿಜ ತಾನೆ ಇದು? ಜನ ಹೆದರಲಿ!"

ಗೌಸಣ್ಣ ಹ್ಯಾಂಡಲ್ ಬಿಟ್ಟು ನನ್ನ ಕಡೆ ತಿರುಗಿದ. ಆಮೇಲೆ ಹೇಳಿದ: "ನಂಗೊಬ್ಬಾಕಿ ತಂಗಿ ಇದ್ಳು. ಅದೇ ವರ್ಷ, ಅದೇ ಬ್ಯಾನಿ. ನಂಗೆ ನಳಿಗಿ ಇಟ್ರು, ಆಕಿನ್ನ ಕರ್ಕೊಂಡ್ ಬರೋದ್ರಾಗೆ ಹೋಗಿದ್ಳು. ನಮ್ಮಪ್ಪ ಬಂದೋರ ಮುಂದೆಲ್ಲ ಅದನ್ನ ಹೇಳ್ತಿದ್ದ. ಒಳ್ಳೇದಕ್ಕೇ ಹೇಳ್ತಿದ್ದ, ಮಕ್ಕಳಿಗೆ ಸೂಜಿ ಹಾಕಿಸ್ರಪ್ಪ ಅಂತ. ಅವನು ಆಕಿ ಹೆಸರು ತಗದಾಗೆಲ್ಲ ನಮ್ಮವ್ವ ಎದ್ದು ಒಳಗೆ ಹೋಗ್ತಿದ್ಳು. ಸಾಯೋ ತನಕ ಹಂಗೇ. ನನ್ನ ಕತ್ತಿನ ಗುಳಿ ನನ್ನದು, ಅದನ್ನ ತೋರಿಸ್ತೀನಿ. ಇದು ನಿಮ್ಮಕ್ಕಂದು. ನೀವು ಕೂಗ್ಸಿಬಿಟ್ರೆ ಆಕಿ ಆ ಓಣ್ಯಾಗೆ ಹೆಂಗೆ ಓಡಾಡ್ಬೇಕ್ರಿ?"

ಅವತ್ತು ಆಟೋದ ಹಿಂದಿನ ಸೀಟಿನಲ್ಲಿ ನಾನು ಮೊದಲ ಬಾರಿ ಅತ್ತೆ. ಅವಳ ಹೆಸರನ್ನು ಇಲ್ಲೂ ಬರೆಯುತ್ತಿಲ್ಲ.

ಇಷ್ಟಾದರೂ ಇನ್ನೊಂದು ಭಯ ಉಳಿದಿತ್ತು. ಸೀರಮ್ಮಿನ ಇಂಜೆಕ್ಷನ್ನೇ ಮಗಳನ್ನು ಕೊಂದಿತು ಎಂದು ಭಾವ ನಂಬಿದ್ದರು. ಮಗನನ್ನು ಯಾವ ಸೂಜಿಗೂ ಕೊಡುವುದಿಲ್ಲ ಎಂದು ನನಗೆ ಬಾಗಿಲನ್ನೇ ಮುಚ್ಚಿದ್ದರು. ನಾನು ಹೋಗಲಾರದ ಮನೆಗೆ ಗೌಸಣ್ಣ ಹೋದ. ಮೈಕಿನ ಗಾಡಿಯನ್ನು ಮುಖ್ಯರಸ್ತೆಯಲ್ಲೇ ನಿಲ್ಲಿಸಿ ನಡೆದು ಹೋಗುತ್ತಿದ್ದನಂತೆ. ಏನು ಮಾತಾಡಿದನೋ ನನಗೆ ಪೂರ್ತಿ ತಿಳಿಯದು. ಭಾವ ಬೈದರೂ ಕೇಳಿಸಿಕೊಂಡ, ಅತ್ತರೂ ಕೇಳಿಸಿಕೊಂಡ ಎಂದು ಅಕ್ಕ ಆಮೇಲೆ ಹೇಳಿದಳು.

ಕೊನೆಗೊಂದು ಗುರುವಾರ ಅಂಗನವಾಡಿಯ ಮುಂದೆ ಆತನ ಆಟೋ ನಿಂತಿತು. ಅಕ್ಕ ಮಗುವನ್ನೆತ್ತಿಕೊಂಡು ಇಳಿದಳು, ಹಿಂದೆ ಭಾವ. ಗೌಸಣ್ಣ ಭಾವನಿಗೆ ಹೇಳುತ್ತಿದ್ದ: "ಸಂಜಿಗೆ ಮೈ ಬಿಸಿ ಆಗ್ತೈತ್ರಿ ಸಾವ್ಕಾರ್ರೆ. ಅಳ್ತಾನೆ. ಸಿಸ್ಟರ್ ಔಷಧಿ ಕೊಡ್ತಾರೆ. ಅಂಜಿಕಿ ಆದ್ರೆ ನಂಗೆ ಫೋನ್ ಹಚ್ರಿ." ಸೂಜಿ ಚುಚ್ಚಿದಾಗ ಮಗುವಿಗಿಂತ ಮೊದಲು ಭಾವ ಅತ್ತರು. ಗೌಸಣ್ಣ ಅವರ ಭುಜ ಹಿಡಿದು ನಿಂತಿದ್ದ. ಹೊರಡುವಾಗ ನನಗೆ ಕೈಯೆತ್ತಿದ. ನಾನು ಆತನನ್ನು ಕಂಡದ್ದು ಅದೇ ಕೊನೆ.

ಮರುದಿನವೇ ನನ್ನನ್ನು ಬೇರೆ ತಾಲ್ಲೂಕಿನ ಸಮೀಕ್ಷೆಗೆ ಹಾಕಿದರು. ತಿಂಗಳ ಮೇಲೆ ಅಕ್ಕನ ಫೋನ್ ಬಂತು.

"ಪಾಪುಗೆ ನಾಳೆ ಎರಡನೇ ಸೂಜಿ. ನೆಗಡಿ ಆಗೈತೆ, ಹಾಕಿಸಬಹುದಾ ಅಂತ ಗೌಸಣ್ಣಂಗೆ ಫೋನ್ ಮಾಡಿದ್ದೆ. ಅವರ ಹೆಂಡ್ತಿ ಎತ್ತಿದ್ರು. ಅವರು ಹೋಗಿ ಹನ್ನೆರಡು ದಿನ ಆತಂತೆ ಕಣೇ. ಎದಿನೋವು. ನಿಂಗೆ ಗೊತ್ತಿರ್ಲಿಲ್ವಾ?"

ನನಗೆ ಗೊತ್ತಿರಲಿಲ್ಲ. ಊರಿನ ಸುದ್ದಿಯನ್ನೆಲ್ಲ ಕೂಗಿ ಹೇಳಿದವನ ಸುದ್ದಿ ನನಗೆ ಯಾರೂ ಹೇಳಿರಲಿಲ್ಲ. ಅಕ್ಕ ಮತ್ತೆ ಕೇಳಿದಳು: "ಇದ್ದೀಯಾ? ನೆಗಡಿ ಇದ್ರೆ ಹಾಕಿಸಬಹುದಾ?"

ಐದು ವರ್ಷದಲ್ಲಿ ಲಸಿಕೆಯ ಬಗ್ಗೆ ಅವಳು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು.

"ಸಣ್ಣ ನೆಗಡಿ ಆದ್ರೆ ಹಾಕಿಸಬಹುದು ಅಕ್ಕ. ಸಿಸ್ಟರ್‌ಗೆ ಒಮ್ಮೆ ತೋರಿಸು" ಎಂದೆ. ಭಾಷಣ ಮಾಡಲಿಲ್ಲ.

ಮರುದಿನ ನಾನು ರಜೆ ಹಾಕಿ ದಾವಣಗೆರೆಗೆ ಬಂದೆ. ಮಗುವಿಗೆ ಸೂಜಿ ಹಾಕಿಸಿ, ಸಂಜೆ ಅವನನ್ನೆತ್ತಿಕೊಂಡು ನಾವಿಬ್ಬರೂ ಬಸ್ಸು ಹತ್ತಿ ಹರಿಹರಕ್ಕೆ ಹೋದೆವು. ಗೌಸಣ್ಣನ ಹೆಂಡತಿ ಬಾಗಿಲಿಗೆ ಬಂದು ಅಕ್ಕನನ್ನು ನೋಡಿದಳು. ಯಾರೆಂದು ನಾವು ಹೇಳುವ ಮೊದಲೇ ಎರಡೂ ಕೈ ಚಾಚಿದಳು. ಅಕ್ಕ ಮಗುವನ್ನು ಕೊಟ್ಟಳು. ಮಗು ಜ್ವರಕ್ಕೆ ಕೆಂಪಾಗಿ ಕಿರಿಕಿರಿ ಮಾಡುತ್ತಿತ್ತು. ಆಕೆ ಸೂಜಿ ಚುಚ್ಚಿದ ತೊಡೆಯನ್ನು ಮುಟ್ಟದಂತೆ ಜೋಪಾನವಾಗಿ ಹೆಗಲಿಗೆ ಹಾಕಿಕೊಂಡು, ಅಂಗಳದಲ್ಲಿ ಅತ್ತಿಂದಿತ್ತ ನಡೆಯತೊಡಗಿದಳು.