ಸೋರೆಬುರುಡೆ ಬಿಚ್ಚಿದ ಮೇಲೆ

ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ನಾನು ಮೊಮ್ಮಗಳ ಬೆನ್ನ ಮೇಲಿನ ಗಂಟು ಬಿಚ್ಚಿದೆ. ಹೊತ್ತು ಇಷ್ಟು ಖಚಿತವಾಗಿ ಗೊತ್ತಿರುವುದು ಮೊಬೈಲಿನಿಂದ. ಗಂಟು ಬಿಚ್ಚಿ ಐದು ನಿಮಿಷಕ್ಕೆ ತೆಗೆದ ಫೋಟೊ ಅದರಲ್ಲಿ ಇನ್ನೂ ಇದೆ. ಫೋಟೊದಲ್ಲಿ ಕೆರೆ ಇದೆ, ಗುಲಾಬಿ ಬಣ್ಣದ ಟ್ಯೂಬ್ ಇದೆ. ಹುಡುಗಿ ಇಲ್ಲ.

ನನ್ನ ಮಗಳನ್ನು ಬಸವಕಲ್ಯಾಣಕ್ಕೆ ಕೊಟ್ಟಿದ್ದೇವೆ. ಗಂಡ ಹೆಂಡತಿ ಇಬ್ಬರಿಗೂ ಸೊಲ್ಲಾಪುರದಲ್ಲಿ ಕೆಲಸ. ಅವರ ಆರು ವರ್ಷದ ಮಗಳು ಬೇಸಿಗೆ ರಜೆಯಲ್ಲಿ ಹದಿನೈದು ದಿನ ಬಸವಕಲ್ಯಾಣದ ಅಜ್ಜಿಯ ಹತ್ತಿರ, ಹದಿನೈದು ದಿನ ಹುಮನಾಬಾದಿನಲ್ಲಿ ನನ್ನ ಹತ್ತಿರ ಇರುತ್ತಾಳೆ. ಲೆಕ್ಕ ಸಮವಾಗಿದೆ. ಪ್ರೀತಿ ಸಮವಾಗಿರಲಿಲ್ಲ. ಆ ಅಜ್ಜಿಯನ್ನು ಹುಡುಗಿ ಬರೀ 'ಆಯಿ' ಎನ್ನುತ್ತಿದ್ದಳು. ನಾನು 'ಹುಮನಾಬಾದ್ ಅಜ್ಜಿ'. ಬಸ್ಸಿಗೆ ಬೋರ್ಡ್ ಹಾಕಿದ ಹಾಗೆ.

ನಾನು ಬಿ.ಎ. ಮಾಡಿದವಳು, ಕಾಲೇಜೊಂದರ ಲೈಬ್ರರಿಯಲ್ಲಿ ದುಡಿದವಳು. ಬೀಗತಿ ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಹೊಲಕ್ಕೆ ಇಳಿದವಳು. ಆ ಮೇ ತಿಂಗಳಲ್ಲಿ ಹುಡುಗಿ ಅಲ್ಲಿಂದ ಫೋನ್ ಮಾಡಿದಳು.

"ಅಜ್ಜಿ, ಆಯಿ ನಂಗ ಕೆರಿಯಾಗ ಈಸು ಕಲಿಸಾಕತ್ತಾಳ. ನಿಂಗ ಈಸಾಕ ಬರ್ತದೇನು?"

"ಇಲ್ಲ ಪುಟ್ಟಿ."

"ಮತ್ತ ನಿಂಗ ಏನ್ ಬರ್ತದ?"

ಅದಕ್ಕೆ ಉತ್ತರ ಕೊಡಲೆಂದೇ ನಾನು ಆ ಸಂಜೆ ಬಜಾರಿಗೆ ಹೋದದ್ದು. ಗಾಳಿ ತುಂಬುವ ಟ್ಯೂಬುಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಆರಿಸಿದೆ. "ಇದು ದೊಡ್ಡವ್ರ ಸೈಜ್ ಅದರಿ" ಎಂದ ಅಂಗಡಿಯವನು. "ದೊಡ್ಡದೇ ಕೊಡ್ರಿ" ಎಂದೆ.

ಮರುದಿನ ಬೆಳಗ್ಗೆ ಬಸ್ಸು ಹಿಡಿದು ಹೋದೆ. ಕೆರೆ ಅವರ ಹೊಲಕ್ಕೆ ಹತ್ತಿಕೊಂಡೇ ಇದೆ. ನಾನು ಅಲ್ಲಿಗೆ ಮುಟ್ಟಿದಾಗ ಹುಡುಗಿ ಸೊಂಟದುದ್ದದ ನೀರಿನಲ್ಲಿ ಕಾಲು ಬಡಿಯುತ್ತಿದ್ದಳು. ಬೆನ್ನಿಗೆ ಎರಡು ಒಣ ಸೋರೆಬುರುಡೆ. ಆ ಕಡೆ ಈಸು ಕಲಿಯುವವರಿಗೆಲ್ಲ ಮೊದಲು ಅವನ್ನೇ ಕಟ್ಟುವುದು, ಅವು ಮುಳುಗಗೊಡುವುದಿಲ್ಲ. ಬುರುಡೆ ಕಟ್ಟಿದ ಹಗ್ಗದ ಇನ್ನೊಂದು ತುದಿ ಬೀಗತಿಯ ಮುಂಗೈಗೆ ಸುತ್ತಿತ್ತು.

"ಬರ್ರಿ ಬೀಗತೇರ, ನೀವೂ ಇಳೀರಿ. ನಿಮಗೂ ಎರಡು ಬುರುಡಿ ಕಟ್ತೀನಿ."

"ಅಜ್ಜಿಗಿ ನಾಕು ಬೇಕು!" ಎಂದಳು ಹುಡುಗಿ. ಇಬ್ಬರೂ ನಕ್ಕರು. ನಾನೂ ನಕ್ಕೆ, ಹಲ್ಲು ಕಚ್ಚಿ.

ಸ್ವಲ್ಪ ಹೊತ್ತಿಗೆ ಬೀಗತಿ ಹುಡುಗಿಯನ್ನು ದಡಕ್ಕೆ ಕರೆತಂದು, ಹಗ್ಗ ನನ್ನ ಕೈಗೆ ಕೊಟ್ಟಳು. ರೊಟ್ಟಿಗಂಟು ಬೇವಿನ ಗಿಡದ ಕೆಳಗೆ ಉಳಿದಿದೆ, ನಾಯಿ ಬಂದಾವು, ತರುತ್ತೇನೆ ಎಂದು ಹೋದಳು. ನಾನು ಚೀಲದಿಂದ ಟ್ಯೂಬ್ ತೆಗೆದು ಉಸಿರು ಕಟ್ಟಿ ಊದಿದೆ. ಹುಡುಗಿಯ ಕಣ್ಣು ಅರಳಿತು. ನನಗಾಗಿ ಆ ಕಣ್ಣು ಹಾಗೆ ಅರಳಿದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಬುರುಡೆಯ ಮೇಲೆ ಟ್ಯೂಬ್ ಇಳಿಯಲಿಲ್ಲ. ಬಿಚ್ಚಿದೆ. ಬುರುಡೆಯ ಜೊತೆ ಹಗ್ಗವೂ ಹೋಯಿತು ಎಂಬುದು ನನ್ನ ತಲೆಗೆ ಬರಲೇ ಇಲ್ಲ.

ಟ್ಯೂಬ್ ತೊಡಿಸಿ ನೀರಿಗೆ ಬಿಟ್ಟೆ. ಅದು ಹಗುರವಾಗಿ ತೇಲಿತು, ಗಾಳಿಯೂ ಕೆರೆಯ ಒಳಮುಖವಾಗಿ ಬೀಸಿ ಅವಳನ್ನು ಆಳಕ್ಕೆ ಒಯ್ದಿತು. ಬೀಗತಿ ವಾಪಸು ಬರುವ ಮೊದಲೇ ಮನೆಯವರ ವಾಟ್ಸಪ್ ಗುಂಪಿಗೆ ಒಂದು ಫೋಟೊ ಕಳಿಸಬೇಕಿತ್ತು ನನಗೆ. "ಪುಟ್ಟಿ, ಇಲ್ಲಿ ನೋಡು! ಎರಡೂ ಕೈ ಮ್ಯಾಲ ಮಾಡು!"

ನಾನು ಹೇಳಿದೆ, ಅವಳು ಮಾಡಿದಳು. ಕೈ ಮೇಲೆತ್ತಿದ್ದೇ ತಡ, ಬಳೆಯೊಳಗಿಂದ ಬೆರಳು ಜಾರಿದ ಹಾಗೆ ಕೆಳಗೆ ಜಾರಿದಳು. ಸದ್ದೂ ಆಗಲಿಲ್ಲ.

ನಾನು ಕೂಗಿದೆನಂತೆ. ನನಗೆ ನೆನಪಿರುವುದು ನನ್ನ ಕಾಲು ಮಾತ್ರ. ಅವು ಕಲ್ಲಿನ ಮೇಲೆಯೇ ಇದ್ದವು. ನನ್ನ ಪಕ್ಕದಿಂದ ಏನೋ ಹಾದು ಹೋಯಿತು. ಅದು ಬೀಗತಿ, ಕಚ್ಚೆ ಕಟ್ಟಿದ ಸೀರೆಯಲ್ಲೇ. ಒಂದು ಸಲ ಮುಳುಗಿ ಬರಿಗೈಯಲ್ಲಿ ಎದ್ದಳು. ಆ ಬರಿಗೈಯನ್ನು ನಾನು ಈಗಲೂ ದಿನಕ್ಕೆ ಹತ್ತು ಸಲ ನೋಡುತ್ತೇನೆ. ಎರಡನೇ ಸಲ ಕೂದಲು ಹಿಡಿದು ಎತ್ತಿದಳು.

ದಡದಲ್ಲಿ ಬೋರಲು ಹಾಕಿ ಬೆನ್ನು ತಟ್ಟಿದಾಗ ಹುಡುಗಿ ನೀರು ಕಾರಿ, ಕೆಮ್ಮಿ, "ಆಯಿ" ಎಂದಳು. ಬದುಕಿತಲ್ಲ ಕೂಸು ಎಂದು ಎದೆ ಸಡಿಲವಾಯಿತು. ಅದೇ ಉಸಿರಿನಲ್ಲಿ, ನನ್ನನ್ನು ಯಾಕೆ ಕರೆಯಲಿಲ್ಲ ಅನ್ನಿಸಿತು. ಬರೆಯಲು ನಾಚಿಕೆಯಾಗುತ್ತದೆ. ಆದರೆ ಅನ್ನಿಸಿದ್ದು ಅದೇ.

ದವಾಖಾನೆಯಲ್ಲಿ ಸಂಜೆಯವರೆಗೆ ಇಟ್ಟುಕೊಂಡು, ಭಯವಿಲ್ಲ ಎಂದರು. ಮಗಳು, ಅಳಿಯ ಓಡಿ ಬಂದರು. ಮಗಳು ಕೇಳಿದ್ದು ಅತ್ತೆಯನ್ನು.

"ಬುರುಡಿ ಸರಿ ಕಟ್ಟಿದ್ದಿಲ್ಲೇನ್ರಿ ಅತ್ತಿ?"

"ಕಟ್ಟಿದ್ದೆವ್ವ."

"ಕಟ್ಟಿದ್ರ ಹ್ಯಾಂಗ ಬಿಚ್ಚಿತು?"

ಬೀಗತಿ ನನ್ನ ಮುಖ ನೋಡಿದಳು. ನಾನು ಗೋಡೆಯ ಗಡಿಯಾರ ನೋಡಿದೆ.

ಉಳಿದ ರಜೆಯೆಲ್ಲ ಹುಡುಗಿ ನನ್ನ ಹತ್ತಿರವೇ ಇರಲಿ ಎಂದು ಮಗಳು ತೀರ್ಮಾನಿಸಿದಳು. ಎರಡು ದಿನ ಹುಮನಾಬಾದಿನಲ್ಲಿದ್ದು ಮಗಳು, ಅಳಿಯ ಸೊಲ್ಲಾಪುರಕ್ಕೆ ಹೋದರು. ನನಗೆ ಬೇಕಾದದ್ದು ಸಿಕ್ಕಿತ್ತು. ಆದರೆ ಕೂಸು ರಾತ್ರಿ ಎದ್ದು ಕೂತು ಆಯಿಯನ್ನು ಕರೆಯುತ್ತಿತ್ತು. ನಾನು ತಬ್ಬಿಕೊಂಡರೆ ಮೈ ಬಿಗಿ ಮಾಡುತ್ತಿತ್ತು. ಹಗಲಲ್ಲಿ ಕೆರೆಯ ಮಾತು ಎತ್ತುತ್ತಿರಲಿಲ್ಲ. ಸ್ನಾನಕ್ಕೆ ಕರೆದರೆ ಮಾತ್ರ ಬಾಗಿಲ ಹಿಂದೆ ನಿಲ್ಲುತ್ತಿತ್ತು. ಕತೆ ಹೇಳಿದೆ, ದೃಷ್ಟಿ ತೆಗೆದೆ. ಕರೆಯುವುದು ನಿಲ್ಲಲಿಲ್ಲ. ಬೇಕಾದವಳನ್ನು ನಾನು ಕರೆಸುವಂತಿರಲಿಲ್ಲ. ಕರೆಸಿದರೆ ನಿಜ ಹೇಳಬೇಕಿತ್ತು.

ಹತ್ತನೆಯ ದಿನ ಮಗಳಿಗೆ ಫೋನ್ ಮಾಡಿ, ಬಿಚ್ಚಿದವಳು ನಾನು ಎಂದೆ. ಅವಳು, "ಇದನ್ನ ನಂಗಲ್ಲವ್ವ, ಮೊದ್ಲು ಅವ್ರಿಗಿ ಹೇಳು" ಎಂದು ಇಟ್ಟುಬಿಟ್ಟಳು.

ಬೀಗತಿಗೂ ಫೋನ್ ಮಾಡಿ ಹೇಳಿದೆ.

"ನಂಗ ಅವತ್ತೇ ಗೊತ್ತಿತ್ರಿ. ನೀರಾಗ ಟ್ಯೂಬ್ ನೋಡಿಲ್ಲೇನು ನಾನು?"

"ಮತ್ತ ಯಾಕ ಹೇಳಲಿಲ್ರಿ?"

"ಕಲ್ತವ್ರು ಇದ್ದೀರಿ, ನೀವೇ ಹೇಳ್ತೀರಿ ಅಂತ ಕುಂತಿದ್ದೆ. ಸೊಸಿ ಕಡಿಂದ ಹತ್ತು ದಿನ ಬೈಸ್ಕೊಂಡೀನ್ರಿ."

"ಕೂಸು ನಿಮ್ಮನ್ನೇ ಕರೀತದ. ಬರ್ರಿ."

"ಬರ್ತೀನಿ. ಕೂಸಿನ ಸಲುವಾಗಿ ಬರ್ತೀನಿ. ನಿಮ್ಮ ಸಲುವಾಗಿ ಅಲ್ಲ."

ಶುಕ್ರವಾರ ಮಧ್ಯಾಹ್ನದ ಬಸ್ಸಿಗೆ ಬಂದಳು. ನನ್ನ ಕೈಯ ನೀರು ಮುಟ್ಟಲಿಲ್ಲ, ಮಡಕೆಯಿಂದ ತಾನೇ ಮೊಗೆದುಕೊಂಡು ಕುಡಿದಳು. ಹುಡುಗಿ ಅವಳ ಸೆರಗು ಹಿಡಿದವಳು ಊಟದವರೆಗೂ ಬಿಡಲಿಲ್ಲ. ಬಚ್ಚಲಿಗೂ ಅವಳ ಜೊತೆಯೇ ಹೋದಳು. ಒಳಗೆ ನೀರು ಎರಚುವ ಸದ್ದು, ನಗು. ಹೊರಗೆ ಟವೆಲ್ ಹಿಡಿದು ನಿಂತ ನನಗೆ ಅದೇ ಹಳೆಯ ಸಂಕಟ, ಒಂದು ಕೂದಲೆಳೆಯಷ್ಟೂ ಕಡಿಮೆಯಾಗದೆ. ಆದರೂ ನಿಂತೆ. ಬಾಗಿಲು ತೆರೆದಾಗ ಟವೆಲ್ ಕೊಟ್ಟೆ.

ನಡುಮನೆಯಲ್ಲಿ ಮೂವರಿಗೂ ಹಾಸಿದೆ. ಹುಡುಗಿ ಮುಖವನ್ನು ಆಯಿಯ ಕುತ್ತಿಗೆಯಲ್ಲಿ ಹುದುಗಿಸಿ, ಒಂದು ಕಾಲನ್ನು ನನ್ನ ಹೊಟ್ಟೆಯ ಮೇಲೆ ಎಸೆದು ಮಲಗಿದಳು. ಬೆಳಗ್ಗೆ ಹಾಲಿನವನು ಬಾಗಿಲು ಬಡಿದಾಗಲೇ ನಮಗೆ ಎಚ್ಚರವಾದದ್ದು. ರಾತ್ರಿ ಕೂಸು ಒಮ್ಮೆಯೂ ಎದ್ದು ಕೂತಿರಲಿಲ್ಲ.